ಹೆರಾಲ್ಡ್ ಗಾಡಿಗೆ ನಮ್ಮವರು ಹೇಳಿದ್ದು

ನಮ್ಮೂರಲ್ಲಿ ಗಾಡಿಗಳು ಓಡುವುದು ಮಾತಿನ ಮೇಲೆ. ಪೆಟ್ರೋಲು ಬೇಡವೆಂದಲ್ಲ, ಬೇಕು. ಬ್ಯಾಟರಿಗೆ ನೀರು, ಟೈರಿಗೆ ಗಾಳಿ ಎಲ್ಲವೂ ಬೇಕು. ಆದರೆ ಅವೆಲ್ಲ ಹಾಕಿ, ಕೀ ತಿರುಗಿಸಿ, ಗೇರು ಹಾಕಿದ ಮೇಲೂ ಚಕ್ರ ಉರುಳಬೇಕಾದರೆ ಸ್ಟೇರಿಂಗ್ ಹಿಡಿದವರು ಬಾಯಿ ಬಿಟ್ಟು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಗಾಡಿ ನಿಲ್ಲುತ್ತದೆ. ಹೇಳಿದ್ದನ್ನೇ ಎರಡನೇ ಸಲ ಹೇಳಿದರೂ ನಿಲ್ಲುತ್ತದೆ. ಸುಳ್ಳು ಹೇಳಿದರೆ ಹಿಂದಿನಿಂದ ಕರೀ ಹೊಗೆ ಉಗುಳುತ್ತದೆ. ಪಕ್ಕದಲ್ಲಿ ಕೂತವರು ಮಧ್ಯೆ ಬಾಯಿ ಹಾಕಿದರಂತೂ ಮುನಿಸಿಕೊಂಡು ಇದ್ದಲ್ಲೇ ಕೂತುಬಿಡುತ್ತದೆ, ಆಮೇಲೆ ತಳ್ಳಿಕೊಂಡೇ ಮನೆ ಸೇರಬೇಕು. ಬೇರೆ ಊರುಗಳಲ್ಲಿ ಗಾಡಿಗಳಿಗೆ ಬರೀ ಎಣ್ಣೆ ಹಾಕಿದರೆ ಸಾಕಂತೆ. ಅಂಥ ಗಾಡಿಯಲ್ಲಿ ಕೂತು ಜನ ಏನು ಮಾಡುತ್ತಾರೋ, ಆ ಶಿವನಿಗೇ ಗೊತ್ತು.

ನಮಗೆ ಇದೆಲ್ಲ ಅಭ್ಯಾಸವಾಗಿದೆ. ಆಟೋ ಸ್ಟ್ಯಾಂಡಿಗೆ ಹೋದವರು ಬಾಡಿಗೆ ಎಷ್ಟು ಎಂದು ಕೇಳುವುದಕ್ಕೆ ಮೊದಲು "ಇವತ್ತೇನು ವಿಷಯ?" ಎಂದು ಕೇಳುತ್ತಾರೆ. ಟೌನ್ ಬಸ್ಸಿನ ಡ್ರೈವರ್ ತನ್ನ ಅತ್ತಿಗೆಯರ ಜಗಳವನ್ನು ಕಂತು ಕಂತಾಗಿ ಹೇಳುತ್ತಾನೆ, ಜನ ಸ್ಟಾಪ್ ಬಂದರೂ ಇಳಿಯುವುದಿಲ್ಲ. ಆದರೆ ಒಂದು ಮರ್ಯಾದೆ ಇದೆ. ಗಾಡಿಯಲ್ಲಿ ಕೇಳಿದ್ದನ್ನು ಕೇಳಿದವರು ಇಳಿದ ಮೇಲೆ ಎತ್ತಬಾರದು. ಆ ಅತ್ತಿಗೆಯರೇ ಎದುರಿಗೆ ಬಂದರೂ "ಚೆನ್ನಾಗಿದೀರಾ" ಎಂದು ಕೇಳಿ ಮುಂದೆ ಹೋಗಬೇಕು. ಇನ್ನೊಂದು ಸಂಗತಿಯೂ ಇದೆ. ಬೇರೆಯವರಿಗೆ ಹೇಳಿ ಮುಗಿಸಿದ ಮಾತು ಗಾಡಿಗೆ ಹಳಸಲು, ಅದು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಗಾಡಿ ಇದ್ದವರ ಮನೆಗಳಲ್ಲಿ ಒಳ್ಳೇ ಸುದ್ದಿ ಯಾರ ಬಾಯಿಗಾದರೂ ಬಂದರೆ "ಅಯ್ಯೋ, ಈಗ್ಲೇ ಹೇಳ್ಬೇಡ, ನಾಳೆ ಗಾಡೀಲಿ ಬೇಕಾಗುತ್ತೆ" ಎಂದು ನುಂಗಿಕೊಳ್ಳುವುದು ರೂಢಿ.

ನನ್ನ ಗಾಡಿ ಹೆರಾಲ್ಡ್ ಅನ್ನುವ ಹಳೇ ಕಾಲದ ಕಾರು. ಹಾಲಿಗೆ ಒಂದು ಚಮಚ ಡಿಕಾಕ್ಷನ್ ಬೆರೆಸಿದ ಬಣ್ಣ, ಎರಡೇ ಬಾಗಿಲು, ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮುಖವೇ ಮುಂದಕ್ಕೆ ಬಾಗುತ್ತದೆ. ಅದನ್ನು ಕೊಟ್ಟವಳು ನನ್ನ ಸೋದರತ್ತೆ. ಸ್ಕೂಲಿನಲ್ಲಿ ಟೀಚರಾಗಿದ್ದಳು; ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಕೂತುಹೋದಾಗ ಕೀ ತಂದು ನನ್ನ ಕೈಯಲ್ಲಿಟ್ಟಳು. ನಮ್ಮ ವಂಶದಲ್ಲಿ ಅಷ್ಟು ಮಾತಾಡುವವಳು ನಾನೊಬ್ಬಳೇ ಅಂತ. ಅದು ಹೊಗಳಿಕೆಯೋ ಬೈಗುಳವೋ ಅಂತ ಇವತ್ತಿಗೂ ಗೊತ್ತಿಲ್ಲ. ಆವತ್ತು ನನಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಮೂವತ್ತು ವರ್ಷ ನಾನು ಆ ಗಾಡಿ ಓಡಿಸಿದ್ದೇನೆ. ಅದರ ಚೋಕ್ ಎಳೆಯುವಾಗಿನ ಸದ್ದು, ಬಿಸಿಲಿಗೆ ಕಾದ ಸೀಟಿನ ವಾಸನೆ ಎಲ್ಲ ನನಗೆ ಪ್ರಾಣ. ಹೇಳುವುದಕ್ಕೇನು ನಾಚಿಕೆ, ಮಕ್ಕಳಿಲ್ಲದ ನನಗೆ ಆ ಗಾಡಿ ಅಂದರೆ ಅಷ್ಟು ಆಸೆ.

ಇನ್ನು ನಮ್ಮವರು, ಗುರುಶಾಂತಪ್ಪ. ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ತುಟಿ ಮಧ್ಯೆ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುವ ಮನುಷ್ಯ ಎಷ್ಟು ಮಾತಾಡಿಯಾರು? "ಹೂಂ", "ಆಯ್ತು", "ಸೋಮವಾರ ಬನ್ನಿ". ಮನೆಗೆ ಬಂದ ಮೇಲೆ ಆ "ಸೋಮವಾರ ಬನ್ನಿ" ಕೂಡ ಇಲ್ಲ. ಅವರ ಹುಟ್ಟೂರು ಬೇರೆ, ಎಣ್ಣೆ ಹಾಕಿದರೆ ಗಾಡಿ ಓಡುವಂಥ ಊರು. ಡ್ರೈವಿಂಗ್ ಅಲ್ಲೇ ಕಲಿತದ್ದು. ಮದುವೆಯಾದ ಹೊಸದರಲ್ಲಿ ಒಂದು ಸಲ ನನ್ನ ಹೆರಾಲ್ಡ್‌ನಲ್ಲಿ ಕೂತು, ಕೀ ತಿರುಗಿಸಿ, ಗೇರು ಹಾಕಿ, ಸುಮ್ಮನೆ ಕೂತರು. ಗಾಡಿಯೂ ಸುಮ್ಮನೆ ಕೂತಿತು. ಆಮೇಲೆ ನಮ್ಮವರು ಇಳಿದು, "ಇದೆಂಥ ಗಾಡಿ, ನಡ್ಕೊಂಡು ಹೋಗೋದು ವಾಸಿ" ಎಂದು ಚಪ್ಪಲಿ ಮೆಟ್ಟಿ ಹೊರಟವರು ಮತ್ತೆ ಅದರ ಬಾಗಿಲು ಮುಟ್ಟಿರಲಿಲ್ಲ. ಪಕ್ಕದ ಸೀಟಿನಲ್ಲಿ ಸಹ ಕೂರುತ್ತಿರಲಿಲ್ಲ. ಕರೆದರೆ "ನೀನು ಹೋಗ್ಬಾ" ಅನ್ನುತ್ತಿದ್ದರು.

ಈ ವರ್ಷ ಆದದ್ದು ಏನೆಂದರೆ, ನನ್ನ ಮಾತು ಮುಗಿದುಹೋಯಿತು. ನಗಬೇಡಿ. ಮೂವತ್ತು ವರ್ಷ ಹೇಳಿದ್ದೇನೆ. ನಮ್ಮ ಅಜ್ಜಿಯ ಕಿವಿಯೋಲೆ ಕಳೆದದ್ದರಿಂದ ಹಿಡಿದು ಪಕ್ಕದ ಮನೆಯವರ ನಾಯಿ ನಮ್ಮ ಹಪ್ಪಳ ತಿಂದದ್ದರವರೆಗೆ ಆ ಗಾಡಿ ಎಲ್ಲವನ್ನೂ ಕೇಳಿಬಿಟ್ಟಿತ್ತು. ದಿನ ದಿನದ ಹೊಸ ಸುದ್ದಿ ತರಕಾರಿ ಮಾರ್ಕೆಟ್ ತಲುಪುವಷ್ಟರಲ್ಲಿ ಖಾಲಿ. ಒಂದು ದಿನ ಪೇಪರ್ ಓದಿ ಹೇಳಿದೆ, ಅಲುಗಲಿಲ್ಲ. ಇನ್ನೊಂದು ದಿನ ಒಂದು ಕತೆ ಕಟ್ಟಿ ಹೇಳಿದೆ. ಎಂಥ ಹೊಗೆ ಬಂತೆಂದರೆ ಎದುರು ಮನೆಯವರು ಬೆಂಕಿ ಬಿತ್ತು ಅಂತ ಬಿಂದಿಗೆ ಹಿಡಿದುಕೊಂಡು ಓಡಿಬಂದರು. ಆಮೇಲೆ ಗಾಡಿ ಗೇಟಿನೊಳಗೆ ನಿಂತದ್ದು ನಿಂತೇ ಇತ್ತು.

ನಿಂತರೆ ನಿಲ್ಲಲಿ ಅನ್ನುವ ಹಾಗಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಗಾಡಿ ಒಂದು ಸಲವಾದರೂ ಊರ ಸುತ್ತಿನ ರಸ್ತೆಯಲ್ಲಿ ಪೂರ್ತಿ ಸುತ್ತು ಹಾಕಿ, ತಳ್ಳಿಸಿಕೊಳ್ಳದೆ ತನ್ನ ಮನೆಯ ಗೇಟಿಗೆ ಬರಬೇಕು. ಬರದಿದ್ದರೆ ಮಾತಿರುವ ಮನೆಗೆ ಅದನ್ನು ಬಿಟ್ಟುಕೊಡಬೇಕು. ಇದು ಊರಿನ ಕಟ್ಟಳೆ, ಮೊದಲು ಬಂದು ಕೇಳಿದವರಿಗೆ ಗಾಡಿ. ಮೊದಲು ಬಂದು ಕೇಳಿದವನು ಮದುವೆ ದಲ್ಲಾಳಿ ಕೊಟ್ರಯ್ಯ. ಅವನ ಬಾಯಿಗೆ ಬರ ಎಲ್ಲಿಂದ ಬರಬೇಕು? ದಿನಕ್ಕೆ ನಾಲ್ಕು ಮನೆಗೆ ಹೋಗುತ್ತಾನೆ, ನಾಲ್ಕು ಮನೆಯ ಗುಟ್ಟು ತರುತ್ತಾನೆ. ದಿನಾ ಬೆಳಗ್ಗೆ ನಮ್ಮ ಗೇಟಿಗೆ ಬಂದು, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಹೆರಾಲ್ಡ್‌ನ ಹೆಡ್‌ಲೈಟ್ ಒರೆಸುತ್ತಿದ್ದ. "ಬೇಜಾರ್ ಮಾಡ್ಕಾಬ್ಯಾಡ್ರಿ ಮಂಗಳಕ್ಕಾರೇ. ನಿಮ್ಮ ಗಾಡಿ ನಮ್ಮನೇಲಿ ಸುಖವಾಗಿರ್ತೈತೆ. ನಿಮ್ಮನ್ನೂ ಆಗಾಗ ಕೂರಿಸ್ಕೊಂಡು ಹೋಗ್ತೀನಿ, ಬಾಯಿ ಮಾತ್ರ ತೆಗೀಬಾರ್ದು ಅಷ್ಟೇ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅಳು ತಡೆಯಲಾರದೆ ಜುಬೇದಾಳ ಹತ್ತಿರ ಹೋದೆ. ಅವಳು ನಮ್ಮ ಬೀದಿಯವಳೇ, ಆಟೋ ಓಡಿಸುತ್ತಾಳೆ. ಬೀಡಾ ಜಗಿಯುತ್ತಾ ಎಲ್ಲ ಕೇಳಿ, "ಮಂಗಳಕ್ಕಾ, ನಿನ್ನ ಡಬ್ಬಿ ಖಾಲಿ ಆಯ್ತು, ಸರಿ. ನಿಮ್ಮನೇಲೇ ಇನ್ನೊಂದು ಡಬ್ಬಿ ಐತಲ್ಲ, ಮುಚ್ಚಳಾನೇ ತೆಗೀದಿದ್ದು!" ಎಂದಳು. "ಯಾವುದೇ?" ಎಂದೆ. "ಶಾಂತಣ್ಣ! ಮೂವತ್ತು ವರ್ಷದ ಸ್ಟಾಕು!" ಎಂದು ತೊಡೆ ತಟ್ಟಿಕೊಂಡು ನಕ್ಕಳು. ನಾನು ನಗಲಿಲ್ಲ. ಮನೆಗೆ ಓಡಿಬಂದೆ.

ಆವತ್ತಿನಿಂದ ನಮ್ಮವರಿಗೆ ರಾಜೋಪಚಾರ. ಬೆಳಗ್ಗೆ ಬೆಣ್ಣೆ ಹಾಕಿದ ದೋಸೆ, ಮಧ್ಯಾಹ್ನ ಎಣ್ಣೆಗಾಯಿ, ಸಂಜೆ ಅಂಗಡಿಗೇ ಕಾಫಿ. ಮೂರನೇ ದಿನ ಅವರಿಗೇ ಅನುಮಾನ ಬಂತು. "ಏನು?" ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. "ರೀ, ಗಾಡಿ ಓಡಿಸ್ರೀ" ಎಂದೆ. "ಆಗಲ್ಲ" ಎಂದು ಕೈ ತೊಳೆಯಲು ಎದ್ದರು. ಮಂಡಿನೋವು ಎಂದೆ, ಕುಂಟಿಕೊಂಡು ತೋರಿಸಿದೆ. ಪಾಪ, ನೀಲಗಿರಿ ಎಣ್ಣೆ ತಂದುಕೊಟ್ಟರೇ ಹೊರತು ಕೀ ಮುಟ್ಟಲಿಲ್ಲ. ಕೊನೆಗೆ ನಾನು ಹೊಸಲ ಮೇಲೆ ಕೂತು ನಿಜವಾಗಿ ಅತ್ತೆ. "ಆ ಕೊಟ್ರಯ್ಯ ನನ್ನ ಗಾಡಿ ತಗೊಂಡು ಹೋಗ್ತಾನೆ ರೀ" ಎಂದೆ. ಅವರು ಮೊಳೆಯಿಂದ ಕೀ ತೆಗೆದುಕೊಂಡು ಹೋಗಿ ಸ್ಟೇರಿಂಗ್ ಮುಂದೆ ಕೂತರು. ಅಂಗಡಿಯಿಂದ ಊಟಕ್ಕೆ ಬಂದವರು, ತುಟಿಯಲ್ಲಿ ಇನ್ನೂ ಗುಂಡುಸೂಜಿ ಇತ್ತು. ನಾನೇ ಒಂದೊಂದಾಗಿ ಕಿತ್ತು ನನ್ನ ಸೆರಗಿಗೆ ಚುಚ್ಚಿಕೊಂಡು ಪಕ್ಕದಲ್ಲಿ ಕೂತೆ.

ನಮ್ಮವರು ಗಂಟಲು ಸರಿಮಾಡಿಕೊಂಡು "ಹೂಂ" ಎಂದರು. ಗಾಡಿ ಒಂದು ಗೇಣು ಮುಂದೆ ಹೋಯಿತು. "ಆಯ್ತು" ಎಂದರು. ಇನ್ನೊಂದು ಗೇಣು. ಹೀಗೇ ಹೋದರೆ ಗೇಟು ದಾಟಲು ದೀಪಾವಳಿ ಆಗುತ್ತದೆ ಅಂದುಕೊಂಡೆ. ಬೆವರು ಒರೆಸಿಕೊಂಡರು. ಆಮೇಲೆ ದಿಕ್ಕು ತೋಚದೆಯೋ ಏನೋ, "ಎದೆ ನಲವತ್ತೆರಡು, ಸೊಂಟ ನಲವತ್ತಾರು" ಎಂದರು. ಗಾಡಿ ಗಕ್ಕನೆ ನೆಗೆದು ಗೇಟು ದಾಟಿತು. "ಹೋದ ವರ್ಷ ಸೊಂಟ ಮೂವತ್ತೆಂಟಿತ್ತು. ಕೇಳಿದ್ರೆ, ನಿಮ್ಮ ಟೇಪೇ ಸರಿಯಿಲ್ಲ ಶಾಂತಪ್ಪ ಅಂತಾರೆ ಹೆಡ್‌ಮಾಸ್ತರು" ಎಂದರು. ಹೆರಾಲ್ಡ್ ಬೀದಿ ತಿರುಗಿತು. ನಾನು ಕಣ್ಣು ಬಿಟ್ಟುಕೊಂಡು ಕೂತೆ. ಟೈಲರ್ ಹೊಟ್ಟೆಯಲ್ಲಿ ಏನೇನಿರುತ್ತದೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಯಾವ ಮನೆಯ ಸೊಸೆ ರವಿಕೆಯ ಹೊಲಿಗೆ ಬಿಚ್ಚಿಸಲು ಬಂದಾಗ, ಅತ್ತೆಗೆ ಗೊತ್ತಾಗುವ ಮೊದಲೇ ಅವಳು ಬಸುರಿ ಎಂದು ಇವರಿಗೆ ಗೊತ್ತಾಯಿತು. ಯಾವ ಸಾಹುಕಾರ ಅಪ್ಪನ ಹಳೇ ಕೋಟನ್ನೇ ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ಹೊಲಿಸಿ ಹೊಸದು ಎಂದು ಹಾಕಿಕೊಂಡು ಓಡಾಡಿದ. ಎಲ್ಲ ಒಂದೊಂದಾಗಿ ಬಂತು. ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಅವರ ಭುಜ ಸಡಿಲವಾಯಿತು. ಒಂದು ಕೈ ಕಿಟಕಿಯ ಮೇಲೆ ಬಂತು. ಮುಖದ ಮೇಲೆ ಒಂದು ಕಿರುನಗೆಯೂ ಬಂತು, ದೇವರಾಣೆಗೂ ನಾನೇ ನೋಡಿದೆ.

ಪೇಟೆ ಮಧ್ಯಕ್ಕೆ ಬಂದಾಗ ನಮ್ಮ ಮದುವೆಯ ವಿಷಯ ತೆಗೆದರು. "ಆವತ್ತು ಇವಳು ಧಾರೆಗೆ ಹಸಿರು ಸೀರೆ ಉಟ್ಕೊಂಡು ಬಂದ್ಲು. ರವಿಕೆ ತೋಳಿನ ಹೊಲಿಗೆ ಸೊಟ್ಟಗಿತ್ತು. ನಾನು ಮಂತ್ರ ಕೇಳಿಸ್ಕೊಳ್ಳದೇ ಅದನ್ನೇ ನೋಡ್ತಾ ಕೂತಿದ್ದೆ" ಎಂದರು. ಹೊಲಿಗೆ ಸೊಟ್ಟಗಿರಲಿ, ಬಿಡಿ. ಹಸಿರಂತೆ! ಧಾರೆ ಸೀರೆ ಕುಂಕುಮದ ಬಣ್ಣದ್ದು, ಹಸಿರು ಉಟ್ಟದ್ದು ಮರುದಿನ. ತುಟಿ ಕಚ್ಚಿ ಹಿಡಿದೆ, ಆಗಲಿಲ್ಲ. "ಹಸಿರಲ್ಲ ರೀ, ಕುಂಕುಮದ್ದು!" ಎಂದುಬಿಟ್ಟೆ.

ಅಷ್ಟೇ. ಹೆರಾಲ್ಡ್ ಬಾಳೆಹಣ್ಣಿನ ಗಾಡಿಗೂ ಬಸ್ಸಿಗೂ ನಡುವೆ ಅಡ್ಡಡ್ಡ ನಿಂತುಬಿಟ್ಟಿತು. ಹಿಂದಿನ ಗಾಡಿಗಳವರು ಇನ್ನೆಷ್ಟು ಹೊತ್ತು ಮಾತಾಡುತ್ತಾ ಕಾಯುವುದು, ಎಲ್ಲರ ಮಾತೂ ಖಾಲಿಯಾಗುತ್ತಾ ಬಂತು. ಒಬ್ಬೊಬ್ಬರಾಗಿ ಬೈಯಲು ಶುರು ಮಾಡಿದರು. ನಮ್ಮವರು ಇಳಿದು ಸುಮ್ಮನೆ ಹಿಂದಿನಿಂದ ತಳ್ಳಿದರು. ನಾನು ಒಂದು ಪಕ್ಕ ತಳ್ಳಿದೆ. ದಾರಿಯುದ್ದಕ್ಕೂ ಅವರು ಒಂದು ಮಾತಾಡಲಿಲ್ಲ, ಬೈದಿದ್ದರೂ ಸಮಾಧಾನವಾಗುತ್ತಿತ್ತು. ಮನೆ ಸೇರಿದ ಮೇಲೆ ಕೀ ಮೊಳೆಗೆ ಹಾಕಿ, "ಬಿಡು. ನನ್ನ ಕೈಲಾಗಲ್ಲ" ಎಂದರು. ಅವರ ಮನಸ್ಸಿನ ಬಾಗಿಲು ಅರ್ಧ ತೆರೆದ ಹಾಗೆ ಆಗಿತ್ತಲ್ಲ, ಮತ್ತೆ ಮುಚ್ಚಿಕೊಂಡಿತು. ನನ್ನ ಬಾಯನ್ನು ನಾನೇ ಶಪಿಸಿಕೊಂಡೆ.

ಅಮಾವಾಸ್ಯೆ ಹತ್ತಿರ ಬಂತು. ಕೊಟ್ರಯ್ಯ ಈಗ ಗಾಡಿಯ ಒಳಗೂ ಇಣುಕತೊಡಗಿದ. ಸೀಟಿಗೆ ಯಾವ ಬಣ್ಣದ ಕವರ್ ಹಾಕಿಸಲಿ ಎಂದು ನನ್ನನ್ನೇ ಕೇಳಿದ, ನೋಡಿ ಧೈರ್ಯ. ನಾನು ಜುಬೇದಾಳ ಹತ್ತಿರ ಮತ್ತೆ ಹೋದೆ. ಅವಳು ಈ ಸಲ ನಗಲಿಲ್ಲ. "ಅಣ್ಣ ಓಡಿಸ್ತಾರೆ. ಓಡಿಸಿದ್ದು ಇಡೀ ಪೇಟೇನೇ ನೋಡೈತಲ್ಲ. ಕೆಟ್ಟಿದ್ದು ನಿನ್ನ ಬಾಯಿ. ನೀನು ಮನೇಲಿರು, ಅವರೊಬ್ರನ್ನೇ ಕಳ್ಸು" ಎಂದಳು. ಬಂದು ಹೇಳಿದೆ. ನಮ್ಮವರು ಕನ್ನಡಕದ ಮೇಲಿನಿಂದ ನೋಡಿ, "ಒಬ್ನೇ ಕೂತು ಮಾತಾಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದರು. "ಹಾಗಾದ್ರೆ ನಾನೂ ಬರ್ತೀನಿ, ತುಟಿ ಬಿಚ್ಚಲ್ಲ" ಎಂದೆ. "ಯಾರು, ನೀನಾ?" ಎಂದರು. "ಹೂಂ ರೀ." "ಊರ ಸುತ್ತು ಪೂರ್ತಿ?" "ಪೂರ್ತಿ." ನಮ್ಮವರು ಕತ್ತರಿ ಕೆಳಗಿಟ್ಟು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದೊಂದು ನೋಡೋಕಾದ್ರೂ ಓಡಿಸ್ಬೇಕು ಕಣೇ" ಎಂದರು. ನನಗೆ ಸಿಟ್ಟು ಬಂತು, ಆದರೆ ಯಾರಿಗೆ ಬೇಕು ಸಿಟ್ಟು, ಗಾಡಿ ಹೊರಟರೆ ಸಾಕಿತ್ತು.

ಅಮಾವಾಸ್ಯೆಯ ಸಂಜೆ ಹೊರಟೆವು. ಕೊಟ್ರಯ್ಯ ಆಗಲೇ ಗೇಟಿನ ಹತ್ತಿರ ನಿಂಬೆಹಣ್ಣು, ಸೇವಂತಿಗೆ ಹಾರ ಹಿಡಿದು ನಿಂತಿದ್ದ. "ಹೋಗ್ಬರ್ರಿ, ಹೋಗ್ಬರ್ರಿ, ತಳ್ಳೋಕೆ ಹುಡುಗ್ರು ಬೇಕಂದ್ರೆ ಹೇಳಿ ಕಳಿಸ್ರಿ" ಎಂದ. ನಾನು ಸೆರಗಿನ ತುದಿಯನ್ನು ಉಂಡೆ ಮಾಡಿ ಹಲ್ಲಿನ ನಡುವೆ ಕಚ್ಚಿಕೊಂಡೆ.

ನಮ್ಮವರು ಶುರು ಮಾಡಿದ್ದೇ ನನ್ನಿಂದ. ಆವತ್ತು ಅವರಿಗೆ ಅದೆಲ್ಲಿತ್ತೋ ಆ ತುಂಟತನ. ಗಾಡಿಯ ಜೊತೆ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡಿದರು. "ನೋಡಪ್ಪಾ ಹೆರಾಲ್ಡು, ಇವಳು ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕ್ತಾಳೆ. ನಾನು ಮೊದಲ್ನೇ ದಿನಾನೇ ಹೇಳೋಣ ಅಂದ್ಕೊಂಡೆ, ಇವಳು ಹೇಗಿದೆ ಅಂತ ಕೇಳಿ ಉತ್ತರಕ್ಕೆ ಕಾಯದೇ ಒಳಗೆ ಹೋದ್ಲು. ಅವತ್ತಿಂದ ತಿಂತಾ ಇದೀನಿ" ಎಂದರು. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಹೊಗೆ ಇರಲಿಲ್ಲ. "ಇವಳ ತಂಗಿ ಮಾಡೋ ಹೋಳಿಗೆ ಇವಳದಕ್ಕಿಂತ ಮೆತ್ತಗಿರುತ್ತೆ" ಎಂದರು. ಮತ್ತೆ ನೋಡಿದೆ. ಹಾಳಾದ ಗಾಡಿ, ಒಂದು ಎಳೆ ಹೊಗೆ ಬಿಡಲಿಲ್ಲ! ಸೆರಗನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದೆ. "ರಾತ್ರಿ ನಾನು ಗೊರಕೆ ಹೊಡೀತೀನಿ ಅಂತ ಊರಿಗೆಲ್ಲ ಹೇಳ್ತಾಳೆ, ಇವಳ ಗೊರಕೆಗೆ ನಮ್ಮನೆ ಬೆಕ್ಕು ಪಕ್ಕದ ಮನೇಲಿ ಮಲಗುತ್ತೆ" ಎಂದು ಹೇಳಿ ಓರೆಗಣ್ಣಿನಿಂದ ನನ್ನ ಮುಖ ನೋಡಿ ಖೊಳ್ಳೆಂದು ನಕ್ಕರು. ಹೆರಾಲ್ಡ್ ಹೋಗುತ್ತಿದ್ದ ಸ್ಪೀಡಿಗೆ ನನ್ನ ಕೂದಲೆಲ್ಲ ಹಾರಿ ಕಣ್ಣಿಗೆ ಬಂತು. ನನ್ನ ಕಾಲದಲ್ಲಿ ಅದು ಯಾವತ್ತೂ ಹಾಗೆ ಓಡಿರಲಿಲ್ಲ. ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ.

ಪೇಟೆ ದಾಟಿದೆವು. ಹಳೇ ರೈಲು ಗೇಟು ದಾಟಿ ಕೆರೆ ಏರಿ ಹತ್ತಿದೆವು. ನೀರಿನ ಮೇಲೆ ಬಿಸಿಲು ಕೆಂಪಾಗಿತ್ತು. ಅಲ್ಲಿ ನಮ್ಮವರ ನಗು ನಿಂತಿತು, ಮಾತು ಮಾತ್ರ ನಿಲ್ಲಲಿಲ್ಲ. ದನಿ ಇಳಿಯಿತು. ಗಾಡಿಯೂ ನಿಧಾನವಾಯಿತು.

"ನಿನ್ನ ಕಂಡ್ರೆ ನನಗಾಗಲ್ಲ ಕಣೋ" ಎಂದರು ಗಾಡಿಗೆ. "ಮಾತಾಡೋಕೆ ಬರಲ್ಲ ಅಂತ ಓಡಿಸ್ಲಿಲ್ಲ ಅಂತ ಇವಳು ಅಂದ್ಕೊಂಡಿದಾಳೆ. ಅದಲ್ಲ. ದಿನಾ ಸಂಜೆ ನಾನು ಅಂಗಡಿ ಮುಚ್ಚಿ ಬರೋ ಹೊತ್ತಿಗೆ ಇವಳು ನಿನ್ನ ಜೊತೆ ಹೋಗಿ ಬಂದಿರ್ತಿದ್ಲು. ಮುಖ ಎಲ್ಲ ಕೆಂಪಾಗಿರ್ತಿತ್ತು, ಕಣ್ಣು ಹೊಳೀತಿರ್ತಿತ್ತು. ಏನೋ ಹೇಳಿ, ಅತ್ತು, ನಕ್ಕು ಬಂದಿದಾಳೆ ಅಂತ ಗೊತ್ತಾಗೋದು. ಮನೆ ಒಳಗೆ ಬಂದ್ರೆ ನನ್ನ ಹತ್ರ ಹಾಲಿನವನು ನೀರು ಬೆರೆಸ್ತಾನೆ, ಬಟ್ಟೆ ಒಣಗಿಲ್ಲ, ಇದೇ. ಇವಳ ಅಪ್ಪ ಹೋದಾಗ್ಲೂ ಅಷ್ಟೇ. ಮಣ್ಣು ಮಾಡಿ ಬಂದ ಮಾರನೇ ದಿನ ನಿನ್ನನ್ನ ಹತ್ತಿ ಹೋದ್ಲು. ನಾನು ಹೊಸಲಲ್ಲಿ ನಿಂತಿದ್ದೆ. ವಾಪಸ್ ಬಂದು, ಅನ್ನಕ್ಕಿಡ್ಲಾ ಅಂದ್ಲು. ಒಳ್ಳೇದೆಲ್ಲ ನಿನಗೆ, ನನಗೆ ಹೊಟ್ಟು."

ನನ್ನ ಬಾಯಿಂದ ಸೆರಗು ಜಾರಿತು. ಹಿಂದೆ ತಿರುಗಿ ನೋಡಿದೆ, ಕನ್ನಡಿಯಲ್ಲಿ ಅಲ್ಲ, ಪೂರ್ತಿ ತಿರುಗಿಯೇ. ಹೊಗೆ ಇರಲಿಲ್ಲ. ಕೆರೆ ಏರಿ ಉದ್ದಕ್ಕೂ ತಿಳಿಯಾಗಿತ್ತು. ಮೂವತ್ತು ವರ್ಷ ನಾನು ಇವರಿಗೆ ಕೇಳುವ ಆಸೆಯೇ ಇಲ್ಲ ಅಂದುಕೊಂಡಿದ್ದೆ. ಗಾಡಿಗೆ ಬೇಕಾಗುತ್ತದೆ ಅಂತ ಎತ್ತಿಟ್ಟ ಮಾತನ್ನು ಕಾಯುತ್ತಾ ಇನ್ನೊಬ್ಬರು ಹೊಸಲಲ್ಲಿ ನಿಂತಿದ್ದರು ಅಂತ ನನಗೇನು ಗೊತ್ತು? ಕಣ್ಣೀರು ಸುರಿಯತೊಡಗಿತು. ಸದ್ದು ಬಂದರೆ ಗಾಡಿ ನಿಲ್ಲುತ್ತದೆ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ಏರಿ ಇಳಿದು ನಮ್ಮ ಬೀದಿಗೆ ತಿರುಗಿದೆವು. ಗೇಟು ಕಾಣಿಸುತ್ತಿತ್ತು, ಕೊಟ್ರಯ್ಯನ ಹಾರವೂ ಕಾಣಿಸುತ್ತಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಜುಬೇದಾ ತನ್ನ ಆಟೋ ಮೇಲೆ ಹತ್ತಿ ನಿಂತು ಕೈ ಬೀಸುತ್ತಿದ್ದಳು. ಇನ್ನು ನಾಲ್ಕು ಮನೆ. ಆಗ ನಮ್ಮವರು ಹೇಳಿದರು: "ಒಂದೇ ಒಂದು ನಿನ್ನನ್ನ ಕೇಳ್ಬೇಕು ಹೆರಾಲ್ಡು. ನೀನು ಎಲ್ಲ ಕೇಳಿದೀಯಲ್ಲ. ಇವಳಿಗೆ ಒಂದು ದಿನಾನಾದ್ರೂ, ಇದನ್ನ ಅವರಿಗೆ ಹೇಳ್ಬೇಕಿತ್ತು ಅಂತ ಅನ್ನಿಸಿತ್ತಾ?"

ಗಾಡಿ ಏನು ಉತ್ತರ ಕೊಡುತ್ತದೆ? ಉತ್ತರ ಇದ್ದದ್ದು ನನ್ನ ಹತ್ತಿರ. ನಾಲ್ಕು ಮನೆ ದಾಟಿ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗುವುದಿಲ್ಲ. ಗಾಡಿಯಲ್ಲಿ ಕೇಳಿದ್ದನ್ನು ಇಳಿದ ಮೇಲೆ ಎತ್ತುವ ಹಾಗಿಲ್ಲ, ಗೇಟಿನಲ್ಲಿ ಗಾಡಿ ನಿಂತರೆ ಅದು ಅಲ್ಲಿಗೇ ಮುಗಿದುಹೋಗುತ್ತದೆ. ಹೇಳಿದರೆ ಆಗಲೇ ಹೇಳಬೇಕಿತ್ತು. ಒಂದು ಕಡೆ ನನ್ನ ಗಾಡಿ, ಇನ್ನೊಂದು ಕಡೆ ಮುಂದೆ ನೋಡುತ್ತಾ ಕೂತಿದ್ದ ನನ್ನ ಗಂಡ. ಬಾಯಿಂದ ಕೈ ತೆಗೆದೆ. "ಅನ್ನಿಸಿತ್ತು ರೀ! ದಿನಾ ಅನ್ನಿಸ್ತಿತ್ತು!" ಎಂದೆ.

ಹೆರಾಲ್ಡ್ ನಿಂತಿತು. ಗೇಟಿಗೆ ಮೂರು ಮನೆ ಆಚೆ, ಬೀದಿ ನಲ್ಲಿಯ ಎದುರಿಗೆ. ಕೊಟ್ರಯ್ಯ ಹಾರ ಬಿಡಿಸಿಕೊಳ್ಳುತ್ತಾ ನಗುಮುಖದಿಂದ ನಮ್ಮ ಕಡೆ ಹೆಜ್ಜೆ ಹಾಕಿದ. ಜುಬೇದಾ ಆಟೋ ಮೇಲಿಂದ ತಲೆ ಚಚ್ಚಿಕೊಂಡಳು. ಹೋಗಲಿ ಬಿಡು, ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಎದೆ ಹಗುರಾಗಿತ್ತು. ನಮ್ಮವರ ಕಡೆ ತಿರುಗಿದೆ, ಅವರ ಕಣ್ಣಲ್ಲೂ ನೀರಿರಬಹುದು ಅಂತ.

ನೀರೂ ಇಲ್ಲ, ಗೀರೂ ಇಲ್ಲ. ಮುಖ ಕೆಂಪಗೆ ಕಾದಿತ್ತು. "ಏನೇ ಮಾಡ್ದೆ ನೀನು!" ಎಂದು ಕೂಗಿದರು. ನಾನು ಅವರು ಕೂಗಿದ್ದನ್ನು ಅವತ್ತೇ ಮೊದಲು ಕೇಳಿದ್ದು. "ಇನ್ನು ಮೂರು ಮನೆ ಇತ್ತಲ್ಲೇ! ಮೂರೇ ಮನೆ! ಎಷ್ಟು ಚೆನ್ನಾಗಿ ಬರ್ತಾ ಇತ್ತು ಗಾಡಿ! ಕೆರೆ ಏರಿ ಮೇಲೆ ಹೆಂಗೆ ತಿರುಗಿಸ್ದೆ, ನೋಡಿದ್ಯಾ? ಎಲ್ಲ ಹಾಳು ಮಾಡಿದ್ಯಲ್ಲೇ! ನಿನ್ನ ಬಾಯಿಗಷ್ಟು ಬೀಗ ಹಾಕ! ಮೂವತ್ತು ವರ್ಷದಲ್ಲಿ ಒಂದು ದಿನ ನನ್ನ ಮಾತು ಪೂರ್ತಿ ಮುಗಿಸೋಕೆ ಬಿಟ್ಟಿದೀಯಾ? ಕನ್ನಡಕ ಎಲ್ಲಿ ಅಂದ್ರೆ ಕನ್ನಡಕದಂಗಡಿಯವನ ಮಗಳ ಮದುವೆ ವಿಷಯ ಹೇಳ್ತೀಯ, ಕನ್ನಡಕ ಕೊಡಲ್ಲ!"

ಗಾಡಿ ಒಂದು ಸಲ ಕೆಮ್ಮಿತು. ಆಮೇಲೆ ಮುಂದಕ್ಕೆ ಹೋಯಿತು. ನಮ್ಮವರು ನನ್ನನ್ನು ಯಾವತ್ತೂ ಬೈದವರಲ್ಲ. ಅವರ ಬೈಗುಳ ಒಂದೂ ಮುಟ್ಟದೆ ಹಾಗೇ ಇತ್ತು, ಪೂರ್ತಿ ಹೊಸದು. ಮುನಿಸಿಕೊಂಡ ಗಾಡಿಗೂ ಆಸೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. "ನನ್ನ ಅಂಗಿ ಗುಂಡಿ ಕಿತ್ತೋಗಿ ಎಂಟು ದಿನ ಆಯ್ತು, ಟೈಲರ್ ನೀವೇ ಹಾಕ್ಕೊಳ್ಳಿ ಅಂತೀಯ!" ಎಂದರು, ಒಂದು ಮನೆ ದಾಟಿತು. "ನನಗೆ ಆಗದ ಹೀರೇಕಾಯಿ ವಾರಕ್ಕೆ ಮೂರು ಸಲ ಮಾಡ್ತೀಯ!" ಎಂದರು, ಇನ್ನೊಂದು ಮನೆ. ಕೊಟ್ರಯ್ಯ ಹಾರ ಸಮೇತ ಚರಂಡಿ ಕಡೆಗೆ ಹಾರಿ ದಾರಿ ಬಿಟ್ಟ. ಜುಬೇದಾ "ಬಯ್ಯಿ ಶಾಂತಣ್ಣಾ, ಬಯ್ಯಿ, ಬಿಡಬ್ಯಾಡ!" ಎಂದು ಕೂಗುತ್ತಿದ್ದಳು. ನಾನು ಮತ್ತೆ ಬಾಯಿ ಮುಚ್ಚಿಕೊಂಡೆ, ಈ ಸಲ ನಗು ತಡೆಯಲು. ನಮ್ಮ ಗೇಟಿನ ಮುಂದೆ ಬಂದೆವು. ಹೊತ್ತು ಇನ್ನೂ ಒಂದು ಬೆರಳು ಮೇಲಿತ್ತು.

ನಮ್ಮವರು ನಿಲ್ಲಿಸಲಿಲ್ಲ. ಗೇಟು ದಾಟಿ ಮುಂದೆ ಹೋದರು. ಹೀರೇಕಾಯಿಯ ಮೇಲೆ ಹೇಳುವುದು ಅವರಿಗೆ ಇನ್ನೂ ಬಹಳ ಇತ್ತು. ಅದು ಮುಗಿದ ಮೇಲೆ ನನ್ನ ತಮ್ಮ, ಅದು ಮುಗಿದ ಮೇಲೆ ಹಬ್ಬದ ದಿನ ನಾನು ಬೆಳಗಿನ ಜಾವ ಎದ್ದು ಪಾತ್ರೆ ಎತ್ತಿಹಾಕುವ ಸದ್ದು. ಮತ್ತೆ ಪೇಟೆ, ಮತ್ತೆ ರೈಲು ಗೇಟು, ಮತ್ತೆ ಕೆರೆ ಏರಿ. ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಗಾಳಿಯಲ್ಲಿ. ನನ್ನನ್ನು ಬೈಯುತ್ತಾ ನಮ್ಮವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮನೆಗೆ ಬಂದಾಗ ಬೀದಿ ದೀಪ ಹತ್ತಿತ್ತು. ಇಳಿದರು, ಬಾನೆಟ್ ಮೇಲೆ ಒಂದು ಸಲ ಕೈಯಾಡಿಸಿದರು, ಕೀ ನನಗೆ ಕೊಡದೆ ತಮ್ಮ ಜೇಬಿಗೆ ಹಾಕಿಕೊಂಡರು. ಕೈಕಾಲು ತೊಳೆದು ಒಳಗೆ ಬಂದರು. ಬೈದದ್ದರ ಬಗ್ಗೆ ನಾನು ಮಾತೆತ್ತುವ ಹಾಗಿರಲಿಲ್ಲ, ಎತ್ತಲಿಲ್ಲ. ಕಾಫಿ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟರು. ಆಮೇಲೆ, "ಮೊಟ್ಟಮೊದಲ್ನೇ ದಿನ ಆ ಗಾಡಿಗೆ ಏನು ಹೇಳಿದ್ದೆ?" ಎಂದು ಕೇಳಿದರು.

"ನಿಮ್ಮ ವಿಷಯಾನೇ" ಎಂದೆ.

"ನನ್ನ ವಿಷಯಾನಾ? ಏನಂತ?"

ಗಾಡಿಗೆ ಹಳಸಿದ ಮಾತು, ಇವರಿಗೆ ಹೊಸದು. ಒಂದೆರಡಲ್ಲ, ಮೂವತ್ತು ವರ್ಷದ್ದು. ನಾನು ಒಲೆ ಆರಿಸಿ ಬಂದು ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ.

"ಹೇಳ್ತೀನಿ, ಆದ್ರೆ ಮಧ್ಯೆ ಬಾಯಿ ಹಾಕ್ಬಾರ್ದು" ಎಂದೆ.